ಹೊಸ ಸಂಸಾರಕ್ಕೆ ಟೆಲಿಸ್ಕೋಪ್ ಆಮೇಲೆ, ಮೊದಲು ಒಂದು ಚಾಪೆ

ಮದುವೆಯಾದ ಹೊಸತರಲ್ಲಿ ಇಬ್ಬರೂ ಸೇರಿ ಹಿತ್ತಲಲ್ಲಿ ಆಕಾಶ ನೋಡೋಣ ಅಂತ ಆಸೆಪಟ್ಟವರು ಬಹಳಷ್ಟು ಸಲ ಮೊದಲು ತರುವುದು ಟೆಲಿಸ್ಕೋಪ್. ದಯವಿಟ್ಟು ಮೊದಲ ವರ್ಷ ಅದು ಬೇಡ. ಟೆಲಿಸ್ಕೋಪಿಗೆ ಇರುವುದು ಒಂದೇ ಕಣ್ಣು. ಒಬ್ಬರು ಬಗ್ಗಿ ನೋಡುತ್ತಿದ್ದರೆ ಇನ್ನೊಬ್ಬರು ಪಕ್ಕದಲ್ಲಿ ನಿಂತು ಕಾಯಬೇಕು. ನೂರು ಪಟ್ಟು ಹಿಗ್ಗಿಸಿದಾಗ ಸಾಮಾನ್ಯ ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರದಲ್ಲಿ) ಕಾಣುವುದು ಸುಮಾರು ಅರ್ಧ ಡಿಗ್ರಿ ಆಕಾಶ. ಭೂಮಿ ತಿರುಗುವ ವೇಗಕ್ಕೆ ಗ್ರಹವೊಂದು ಅಷ್ಟನ್ನು 2 ನಿಮಿಷದಲ್ಲಿ ದಾಟಿಬಿಡುತ್ತದೆ. ಎರಡನೆಯವರ ಸರದಿ ಬರುವಷ್ಟರಲ್ಲಿ ಅಲ್ಲಿ ಬರೀ ಕತ್ತಲು. ಇಬ್ಬರ ಹವ್ಯಾಸ ಒಬ್ಬರ ಹವ್ಯಾಸವಾಗುವುದು ಹೀಗೆಯೇ.

ಜೊತೆಗೆ ಕೆಲಸವೂ ಹೊಸದಾಗಿದ್ದರೆ ಇನ್ನೂ ಕಷ್ಟ. ಮೊದಲ ತಿಂಗಳುಗಳಲ್ಲಿ ಸಂಜೆ ಮನೆ ಸೇರುವಾಗ ಮೈಯೂ ತಲೆಯೂ ದಣಿದಿರುತ್ತವೆ. ಆಗ ಉಪಕರಣ ಹೊತ್ತು ತಂದು, ಜೋಡಿಸಿ, ಟೆಲಿಸ್ಕೋಪಿನೊಳಗಿನ ಕನ್ನಡಿ ಹೊರಗಿನ ಗಾಳಿಯ ಬಿಸುಪಿಗೆ ಇಳಿಯಲಿ ಅಂತ ಅರ್ಧ ಗಂಟೆ ಕಾಯುವ ತಾಳ್ಮೆ ಯಾರಿಗಿರುತ್ತದೆ? ಚಾಪೆ ಹಾಸಿ ಮಲಗುವುದಕ್ಕೆ ಒಂದು ನಿಮಿಷ ಸಾಕು. ಕುತ್ತಿಗೆಯೂ ನೋಯುವುದಿಲ್ಲ, ಇಬ್ಬರಿಗೂ ಒಂದೇ ಹೊತ್ತಿಗೆ ಇಡೀ ಆಕಾಶ.

ವಾರಕ್ಕೆ ಒಂದೇ ದಿನ, ಮುಕ್ಕಾಲು ಗಂಟೆ ಅಂತ ಗೊತ್ತುಮಾಡಿಕೊಳ್ಳಿ. ದಿನ ಆರಿಸುವಾಗ ಚಂದ್ರನನ್ನು ನೋಡಿ ಆರಿಸಿ. ಹುಣ್ಣಿಮೆಯ ದಿನ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ. ಅಲ್ಲಿಂದ ದಿನಕ್ಕೆ ಸರಾಸರಿ 50 ನಿಮಿಷ ತಡ. ಹುಣ್ಣಿಮೆ ಕಳೆದು ನಾಲ್ಕನೆಯ ದಿನದಿಂದ ಅಮಾವಾಸ್ಯೆ ಕಳೆದು ಮೂರನೆಯ ದಿನದವರೆಗೆ, ಹೆಚ್ಚುಕಡಿಮೆ ಎರಡು ವಾರ, ಸಂಜೆಯ ಆಕಾಶ ಕತ್ತಲಾಗಿ ಸಿಗುತ್ತದೆ. ಒಬ್ಬರಿಗೆ ರಾತ್ರಿ ಪಾಳಿಯಿದ್ದರೂ ನಿರಾಸೆ ಬೇಡ. ನಕ್ಷತ್ರಗಳು ದಿನಕ್ಕೆ 4 ನಿಮಿಷ, ತಿಂಗಳಿಗೆ 2 ಗಂಟೆ ಮುಂಚೆ ಹುಟ್ಟುತ್ತವೆ. ಬೆಳಗಿನ ಜಾವ 4ಕ್ಕೆ ಕಾಣುವ ನಕ್ಷತ್ರಗಳೇ ನಾಲ್ಕು ತಿಂಗಳ ಮೇಲೆ ರಾತ್ರಿ 8ಕ್ಕೆ ಕಾಣುತ್ತವೆ. ಪಾಳಿಯವರು ಈಗ ನೋಡಿಟ್ಟದ್ದನ್ನು ಆಗ ಇನ್ನೊಬ್ಬರಿಗೆ ತೋರಿಸಬಹುದು.

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಎಲ್ಲ ಕೆಡುವುದು ಇಲ್ಲೇ. ಒಬ್ಬರು ಫೋನಿನಲ್ಲಿ ಕಚೇರಿಯ ಮೆಸೇಜ್ ನೋಡಿದರೆ ಸಾಕು, ಇಬ್ಬರಿಗೂ ಮತ್ತೆ ಮೊದಲಿನಿಂದ. ಫೋನ್ ಒಳಗೇ ಇರಲಿ. ಟಾರ್ಚಿಗೆ ಕೆಂಪು ಸೆಲೋಫೇನ್ ಹಾಳೆಯನ್ನು ಎರಡು ಮೂರು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಮಂದವಾದ ಕೆಂಪು ಬೆಳಕು ಕತ್ತಲಿಗೆ ಪಳಗಿದ ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ. ಪಕ್ಕದ ಮನೆಯ ದೀಪ ಕಣ್ಣಿಗೆ ಹೊಡೆಯುತ್ತಿದ್ದರೆ ಬಟ್ಟೆ ಒಣಹಾಕುವ ಹಗ್ಗಕ್ಕೆ ದಪ್ಪ ಹೊದಿಕೆಯೊಂದನ್ನು ಇಳಿಬಿಡಿ. ಆಕಾಶದ ಮಂಕು ಹೋಗುವುದಿಲ್ಲ, ಆದರೆ ನೇರ ಬೆಳಕು ತಪ್ಪುವುದೇ ದೊಡ್ಡ ಲಾಭ.

ದೂರ ಅಳೆಯಲು ಕೈಯೇ ಸಾಕು. ತೋಳು ಪೂರ್ತಿ ಚಾಚಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ನಡುವಿನ ಮೂರು ಬೆರಳು 5, ಕಿರುಬೆರಳು 1. ಕೈ ದೊಡ್ಡದಿದ್ದವರ ತೋಳೂ ಸಾಮಾನ್ಯವಾಗಿ ಉದ್ದ, ಹಾಗಾಗಿ ಇಬ್ಬರ ಲೆಕ್ಕವೂ ಹೊಂದುತ್ತದೆ. "ಅಲ್ಲಿ, ಆ ದೊಡ್ಡ ನಕ್ಷತ್ರದ ಪಕ್ಕ" ಅಂದರೆ ಯಾರಿಗೂ ತಿಳಿಯುವುದಿಲ್ಲ. "ರೋಹಿಣಿಯಿಂದ ಒಂದೂವರೆ ಮುಷ್ಟಿ ಆಚೆಗೆ ಕೃತ್ತಿಕೆ" ಅಂದರೆ ತಕ್ಷಣ ಸಿಗುತ್ತದೆ.

ಸಪ್ತರ್ಷಿ ಮಂಡಲ ಮೇಲಿದ್ದಾಗ ಬಾಲದ ತುದಿಯಿಂದ ಎರಡನೆಯ ನಕ್ಷತ್ರ ವಸಿಷ್ಠವನ್ನು ನೋಡಿ. ಅದರಿಂದ ಒಂದು ಡಿಗ್ರಿಯ ಐದನೇ ಒಂದು ಪಾಲು ದೂರದಲ್ಲಿ ಅರುಂಧತಿ. ಬರಿಗಣ್ಣಿಗೆ ಇಬ್ಬರಿಗೂ ಕಂಡರೆ ಆ ರಾತ್ರಿಯ ಆಕಾಶ ಚೆನ್ನಾಗಿದೆ ಅಂತಲೇ ಅರ್ಥ. ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ಕಾಣದಿದ್ದರೆ, ಪ್ರತಿ ಸಲವೂ ಹಾಗೇ ಆದರೆ, ಕಣ್ಣಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಎರಡು ಮೂರು ತಿಂಗಳು ಹೀಗೆ ನಡೆದ ಮೇಲೆ ಬೈನಾಕ್ಯುಲರ್ ತನ್ನಿ. 7x50 ಅಥವಾ 10x50 ಸಾಕು. ಮೊದಲ ಸಂಖ್ಯೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 10x50ರಲ್ಲಿ 5 ಮಿಲಿಮೀಟರ್. ಜೂಮ್ ಇರುವಂಥದ್ದು ಬೇಡವೇ ಬೇಡ. ಅದರಲ್ಲಿ ನೋಟದ ಹರವು ಕಿರಿದು, ಎರಡು ನಳಿಗೆಗಳ ಹೊಂದಾಣಿಕೆಯೂ ಬೇಗ ತಪ್ಪುತ್ತದೆ. ಕೊಳ್ಳುವ ಮುಂಚೆ ದೂರದ ಕಂಬವೊಂದನ್ನು ನೋಡಿ. ಅದು ಎರಡಾಗಿ ಕಂಡರೆ ಒಳಗೆ ಬೆಳಕನ್ನು ತಿರುಗಿಸುವ ಗಾಜು, ಪ್ರಿಸಮ್, ಜರುಗಿದೆ, ವಾಪಸ್ ಕೊಡಿ.

ಇಬ್ಬರು ಒಂದೇ ಬೈನಾಕ್ಯುಲರ್ ಹಂಚಿಕೊಳ್ಳುವಾಗ ಜಗಳ ತರುವುದು ಫೋಕಸ್. ಇಬ್ಬರ ಕಣ್ಣುಗಳ ನಡುವಿನ ಅಂತರ ಬೇರೆ, ಎಡ ಬಲ ಕಣ್ಣಿನ ವ್ಯತ್ಯಾಸವೂ ಬೇರೆ. ಮೊದಲು ನಡುವಿನ ಕೀಲನ್ನು ಮಡಚಿ ಎರಡು ವೃತ್ತ ಒಂದಾಗುವಂತೆ ಮಾಡಿ. ಬಲಕಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ನಕ್ಷತ್ರವನ್ನು ಚುಕ್ಕಿಯಾಗಿಸಿ. ಆಮೇಲೆ ಎಡಗಣ್ಣು ಮುಚ್ಚಿ, ಬಲ ಐಪೀಸಿನ ಉಂಗುರವನ್ನು ಮಾತ್ರ ತಿರುಗಿಸಿ. ಕೀಲಿನ ಮೇಲೆ ಕಾಣುವ ಅಂಕಿ, ಉಂಗುರದ ಗುರುತು ಎರಡನ್ನೂ ಇಬ್ಬರ ಹೆಸರಿನ ಕೆಳಗೆ ಬರೆದಿಡಿ. ಮುಂದಿನ ಸಲ ಕೈ ಬದಲಾಯಿಸಲು ಹತ್ತು ಸೆಕೆಂಡು. ಕೈ ನಡುಗಿದರೆ ಮೊಣಕೈಗಳನ್ನು ಎದೆಗೆ ಒತ್ತಿ ಹಿಡಿಯಿರಿ, ಇಲ್ಲವೇ ಕುರ್ಚಿಯ ತೋಳಿಗೆ ಊರಿ.

ಸೊಳ್ಳೆಗೆ ಮುಲಾಮು ಹಚ್ಚಿದ ಬೆರಳು ಬೈನಾಕ್ಯುಲರಿಗೆ ತಾಗಬಾರದು. ಅದರಲ್ಲಿ ಸೊಳ್ಳೆ ಓಡಿಸುವ ಡೀಟ್ ಎಂಬ ರಾಸಾಯನಿಕ ಇದ್ದರೆ ಕೆಲವು ಪ್ಲಾಸ್ಟಿಕ್‌ಗಳು ಕರಗಿ ಅಂಟಾಗುತ್ತವೆ. ಮಸೂರದ ಮೇಲೆ ಇಬ್ಬನಿ ಕೂತರೆ ಒರೆಸಬೇಡಿ, ದೂಳಿನ ಜೊತೆ ಉಜ್ಜಿ ಲೇಪನಕ್ಕೆ ಗೀರು ಬೀಳುತ್ತದೆ. ಒಳಗೆ ತಂದು ಮುಚ್ಚಳ ಹಾಕದೆ ಮೇಜಿನ ಮೇಲೆ ಒಣಗಲು ಬಿಡಿ. ತೇವದಲ್ಲೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಅದು ಒಳಗಿನ ಗಾಜಿಗೆ ಇಳಿದರೆ ತೆಗೆಯುವುದು ಕಷ್ಟ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಯಾರು ಕೊನೆಯಲ್ಲಿ ಬಾಗಿಲು ಹಾಕುತ್ತಾರೋ ಅವರು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಚೀಲಕ್ಕೆ ಹಾಕಿಟ್ಟರಾಯಿತು.