ಅಮ್ಮನ ನಲವತ್ತು ಅಡಿ

ಕುಶಾಲನಗರದ ಮುಖ್ಯರಸ್ತೆ ದಾಟಲು ನಮ್ಮಮ್ಮ ಒಂದು ಉಪಾಯ ಮಾಡಿಕೊಂಡಿದ್ದಾರೆ. ಶಾಲೆ ಮಕ್ಕಳು ಬರುವವರೆಗೆ ಕಾದು, ಅವರ ಗುಂಪಿನಲ್ಲಿ ಸೇರಿಕೊಂಡು ದಾಟುತ್ತಾರೆ. "ಮಕ್ಕಳಿದ್ರೆ ಬ್ರೇಕ್ ಹಾಕ್ತಾರೆ ಕಣೋ, ಮುದುಕಿಗೆ ಯಾರು ಹಾಕ್ತಾರೆ?" ಭಾನುವಾರ ಮಕ್ಕಳಿಲ್ಲ. ಟೂರಿಸ್ಟ್ ಕಾರುಗಳು ಕೊಪ್ಪ ಸೇತುವೆ ದಾಟಿ ಸಾಲುಗಟ್ಟಿ ಬರುವುದೂ ಅವತ್ತೇ. ಹಾಗಾಗಿ ಭಾನುವಾರ ಅಮ್ಮನ ಮಾತ್ರೆ ತರುವ ಕೆಲಸ ನನ್ನದು.

ಈ ಮಾತೆತ್ತಿದರೆ ಊರಲ್ಲಿ ಎರಡೇ ಉತ್ತರ. ರಸ್ತೆ ಅಗಲ ಮಾಡಬೇಕು. ಇಲ್ಲವೇ, ಮೈಸೂರು–ಕುಶಾಲನಗರ ನಾಲ್ಕು ಪಥದ ರಸ್ತೆ ಬರಲಿ. 92 ಕಿಲೋಮೀಟರಿನ ಆ ಕೆಲಸಕ್ಕೆ 2023ರಲ್ಲಿ ಅಡಿಗಲ್ಲು ಬಿತ್ತು, ವೆಚ್ಚ ನಾಲ್ಕು ಸಾವಿರ ಕೋಟಿಯ ಮೇಲೆ. ಬರಲಿ, ಬೇಡ ಅಂದವರಾರು? ಆದರೆ ಅಮ್ಮನಿಗೆ ಬೇಕಿರುವುದು ಎದುರಿನ ಮೆಡಿಕಲ್‌ವರೆಗಿನ ನಲವತ್ತು ಅಡಿ. ಅಗಲ ಮಾಡಿದರೆ ಅದು ಅರವತ್ತಾಗುತ್ತದೆ, ಗಾಡಿಗಳೂ ಇನ್ನಷ್ಟು ಜೋರಾಗಿ ಬರುತ್ತವೆ. ಸರಾಸರಿ ವೇಗ ಶೇ 1 ಏರಿದರೆ ಪ್ರಾಣ ಹೋಗುವಂಥ ಅಪಘಾತದ ಅಪಾಯ ಶೇ 4 ಏರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳೇ 32,825 ಮಂದಿ.

ಮೊನ್ನೆ ಗೆಳೆಯನ ಜೊತೆ ಹೋಟೆಲೊಂದರ ಕಿಟಕಿ ಪಕ್ಕ ಕೂತು ಎರಡು ಗಂಟೆ ಸುಮ್ನೆ ರಸ್ತೆ ನೋಡಿದೆ. ನಾಲ್ಕು ಕಾಫಿ, ನಮ್ಮ ಸರ್ವೆಯ ಬಜೆಟ್ ಅಷ್ಟೇ. ಜೀಬ್ರಾ ಪಟ್ಟಿ ಇರುವುದು ಒಂದು ಕಡೆ, ಜನ ದಾಟುವುದು ಅಲ್ಲಿಂದ ಐವತ್ತು ಹೆಜ್ಜೆ ಆಚೆ. ಯಾಕೆಂದರೆ ಪಟ್ಟಿಯ ಬಾಯಿಗೇ ಜೀಪು, ಆಟೋ ನಿಂತಿರುತ್ತವೆ. ಆಚೆಯೂ ಜೀಪುಗಳೇ. ಅವುಗಳ ಹಿಂದಿನಿಂದ ಕೊಡೆ ಹಿಡಿದು ಇಣುಕುತ್ತಾ ರಸ್ತೆಗಿಳಿದವರು ಡ್ರೈವರ್‌ಗೆ ಕಾಣುವುದೇ ಕೊನೇ ಗಳಿಗೆಯಲ್ಲಿ. ದಾಟುವ ಜಾಗದ ಎರಡೂ ಬದಿ ಗಾಡಿ ನಿಲ್ಲದಂತೆ ನಾಲ್ಕು ಕಂಬ ನೆಟ್ಟರೆ ಸಾಕು, ಅರ್ಧ ಭಯ ಹೋಗುತ್ತದೆ. ಜನ ದಾಟುವ ಕಡೆಗೇ ಪಟ್ಟಿ ಬರಲಿ. ನಡುವೆ ನಿಲ್ಲಲು ಸ್ವಲ್ಪ ಜಾಗವಿದ್ದರೆ ಒಂದು ಸಲಕ್ಕೆ ಒಂದೇ ಕಡೆ ನೋಡಿದರಾಯಿತು.

ಹಂಪ್ ಅಂದರೆ ಎಲ್ಲರಿಗೂ ಸೊಂಟ ನೋವು ನೆನಪಾಗುತ್ತದೆ. ಅದು ಟಾರು ಗುಡ್ಡೆ ಹಾಕಿದವರ ತಪ್ಪು. ರಸ್ತೆ ಕೆಲಸಕ್ಕೆ ಮಾನದಂಡ ಹೇಳುವ ಇಂಡಿಯನ್ ರೋಡ್ ಕಾಂಗ್ರೆಸ್ ಸಂಸ್ಥೆಯ ಅಳತೆಯಲ್ಲಿ ಅದು ಗಾಡಿ ಸಾಗುವ ದಿಕ್ಕಿಗೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಂದವರಿಗೆ ಏನೂ ಆಗದು.

ಇನ್ನು ಜೀಬ್ರಾ ಪಟ್ಟಿಯ ಬಣ್ಣ. ಮಾರ್ಚ್‌ನಲ್ಲಿ ಅನುದಾನ ಮುಗಿಸುವ ಆತುರಕ್ಕೆ ಬಳಿಯುತ್ತಾರೆ, ನಮ್ಮ ಮಳೆಗಾಲ ಕಳೆಯುವಷ್ಟರಲ್ಲಿ ಗುರುತು ಹುಡುಕಬೇಕು. ಮಳೆ ನಿಂತ ಮೇಲೆ, ಒಣಗಿದ ರಸ್ತೆಗೆ ಥರ್ಮೋಪ್ಲಾಸ್ಟಿಕ್ ಪಟ್ಟಿ, ಅಂದರೆ ಕಾಯಿಸಿ ದಪ್ಪಗೆ ಹಾಕುವ ಪಟ್ಟಿ, ಹಾಕಲಿ. ಅದರಲ್ಲಿರುವ ಗಾಜಿನ ಮಣಿಗಳು ರಾತ್ರಿ ಹೆಡ್‌ಲೈಟಿಗೆ ಹೊಳೆಯುತ್ತವೆ.

ಇಷ್ಟನ್ನೂ ಬರೆದು ಅರ್ಜಿ ಕೊಟ್ಟೆವು. ಒಂದು ಕಚೇರಿಯವರು ಹೆದ್ದಾರಿ ನಮ್ಮದಲ್ಲ ಅಂದರು, ಇನ್ನೊಂದು ಕಡೆ ಫುಟ್‌ಪಾತ್ ನಮ್ಮದಲ್ಲ ಅಂದರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಪ್ರಕಾರ, ರಸ್ತೆ ವಿನ್ಯಾಸದ ನಿಯಮ ಪಾಲಿಸದೆ ಜೀವ ಹೋದರೆ ಹೊಣೆಗಾರರಿಗೆ ಒಂದು ಲಕ್ಷದವರೆಗೆ ದಂಡ. ಎರಡನೇ ಅರ್ಜಿಯಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ಬರೆದೆವು. ಆಗ ಸೀಲ್ ಬಿತ್ತು.

ಅಮ್ಮನಿಗೆ ಇದೆಲ್ಲ ಹೇಳಿದೆ. "ಅದಕ್ಕಿಂತ ಆ ಮೆಡಿಕಲ್‌ನವನಿಗೇ ಅಂಗಡಿ ಈ ಕಡೆ ತರೋಕೆ ಹೇಳು, ಬೇಗ ಆಗ್ತದೆ" ಅಂದರು.