ಸೊನ್ನೆಗಳ ಫೋಟೊ ಕಳಿಸೋ ಮೊದಲು ಹಿಂದಿನ ಕೇಬಲ್ ನೋಡಿ

ಗೆಳೆಯರೊಬ್ಬರು ಈಗಷ್ಟೇ ಫೋಟೊ ಕಳಿಸಿದರು. ಫ್ರೀಕ್ವೆನ್ಸಿ ಕೌಂಟರಿನ, ಅಂದರೆ ಸೆಕೆಂಡಿಗೆ ಎಷ್ಟು ಅಲೆ ಅಂತ ಎಣಿಸುವ ಯಂತ್ರದ ಪರದೆ. 10.000000000 ಮೆಗಾಹರ್ಟ್ಸ್. ಸಾಲಾಗಿ ಸೊನ್ನೆಗಳು, ಕೊನೆಯ ಅಂಕಿಯೂ ಅಲ್ಲಾಡಿಲ್ಲವಂತೆ. "ನನ್ನ ಆಸಿಲೇಟರ್ ಈಗ ಪರ್ಫೆಕ್ಟ್" ಅಂತ ಕೆಳಗೆ ಬರೆದಿದ್ದಾರೆ. ಆಸಿಲೇಟರ್ ಅಂದರೆ ಒಂದೇ ಸಮನೆ ಅಲೆ ಹುಟ್ಟಿಸುವ ಸರ್ಕ್ಯೂಟ್. ಖುಷಿಯಿಂದ ಫೋಟೊ ದೊಡ್ಡದು ಮಾಡಿ ನೋಡಿದೆ. ಆಸಿಲೇಟರಿನ ಬಾಯಲ್ಲಿ ಒಂದು ಟೀ ಕನೆಕ್ಟರ್. ಅಲ್ಲಿಂದ ಒಂದು ಕೇಬಲ್ ಕೌಂಟರಿನ ಮುಂದಿನ ಇನ್‌ಪುಟ್‌ಗೆ ಹೋಗಿದೆ. ಇನ್ನೊಂದು ಸುತ್ತಿಕೊಂಡು ಕೌಂಟರಿನ ಹಿಂದೆ, ಹೋಲಿಕೆಯ ಸಿಗ್ನಲ್ ಕೊಡಬೇಕಾದ ರೆಫರೆನ್ಸ್ ಇನ್‌ಪುಟ್‌ಗೆ ಹೋಗಿದೆ.

ಆಸಿಲೇಟರನ್ನು ಅದರ ಜೊತೆಗೇ ಹೋಲಿಸಿದ್ದಾರೆ! ಅದು 5 ಹರ್ಟ್ಸ್ ತಪ್ಪಾಗಿದ್ದರೂ ಪರದೆ ಮೇಲೆ ಇದೇ ಸೊನ್ನೆಗಳು ಬರುತ್ತಿದ್ದವು. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ ಹಾಗಾಯಿತು. ಇದು ಅಳತೆ ಅಲ್ಲ. ಕೌಂಟರ್ ಕೆಟ್ಟಿಲ್ಲ ಅನ್ನೋದಷ್ಟೇ ಇದರಿಂದ ಗೊತ್ತಾಗೋದು.

ನನಗೆ ಸಿಟ್ಟು ಬಂದಿರೋದು ಅವರ ಮೇಲಲ್ಲ. ಅಂಕಿ ಜಾಸ್ತಿ ಕಂಡರೆ ಸತ್ಯವೂ ಜಾಸ್ತಿ ಇದೆ ಅಂತ ನಂಬೋ ಈ ಅಭ್ಯಾಸದ ಮೇಲೆ. ಇಂಥ ಫೋಟೊಗಳು ಬರುತ್ತಲೇ ಇರುತ್ತವೆ, ಎಲ್ಲರೂ ಭೇಷ್ ಅನ್ನುತ್ತಾರೆ. ಯಾವುದರ ಜೊತೆ ಹೋಲಿಸಿದಿರಿ ಅಂತ ಒಬ್ಬರೂ ಕೇಳುವುದಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಕೌಂಟರಿಗೆ ಸಮಯ ಅಂದರೇನು ಅಂತ ಗೊತ್ತಿಲ್ಲ. ಅದರ ಹೊಟ್ಟೆಯೊಳಗೆ ಒಂದು ಕ್ವಾರ್ಟ್ಸ್ ಹರಳಿದೆ, ಇಲ್ಲವೇ ನಾವು ಹಿಂದಿನಿಂದ ಒಂದು ರೆಫರೆನ್ಸ್ ಕೊಟ್ಟಿರುತ್ತೇವೆ. ಅದು ಎಷ್ಟನ್ನು "ಒಂದು ಸೆಕೆಂಡ್" ಅನ್ನುತ್ತದೋ ಅದೇ ಕೌಂಟರಿಗೆ ಒಂದು ಸೆಕೆಂಡ್. ಪರದೆ ಮೇಲೆ ಬರುವುದು ಎರಡು ಆಸಿಲೇಟರ್‌ಗಳ ನಡುವಿನ ಅನುಪಾತ, ಅಷ್ಟೇ. ಹಳೇ ಕಾಲದ ಸರಳ ಕೌಂಟರಿನಲ್ಲಿ ಗೇಟ್, ಅಂದರೆ ಎಣಿಸುವ ಅವಧಿ, ಒಂದು ಸೆಕೆಂಡ್ ಇಟ್ಟರೆ ಒಂದು ಎಣಿಕೆ ಹೆಚ್ಚು ಕಡಿಮೆ ಆಗುತ್ತದೆ. ಅಂದರೆ 10 ಮೆಗಾಹರ್ಟ್ಸ್‌ಗೆ ಒಂದು ಕೋಟಿಯಲ್ಲಿ ಒಂದು ಪಾಲು. ಎಚ್‌ಪಿ 53132ಎ ತರಹದ ಕೌಂಟರುಗಳು ಒಂದೇ ಸೆಕೆಂಡಿನಲ್ಲಿ 12 ಅಂಕಿ ಕೊಡುತ್ತವೆ. ಎಂಥಾ ಚೆಂದದ ಕೆಲಸ ಅದು! ಆದರೆ ಒಳಗಿನ ರೆಫರೆನ್ಸ್ 1 ಹರ್ಟ್ಸ್ ಆಚೀಚೆ ಇದ್ದರೆ ಆ 12ರಲ್ಲಿ ಎಂಟನೇ ಅಂಕಿಯಿಂದಲೇ ತಪ್ಪು. ತಪ್ಪನ್ನೂ ಅದು 12 ಅಂಕಿಯಲ್ಲಿ ಅಚ್ಚುಕಟ್ಟಾಗಿ ತೋರಿಸುತ್ತದೆ. ಎಷ್ಟು ಸಣ್ಣ ವ್ಯತ್ಯಾಸ ಕಾಣುತ್ತದೆ ಅನ್ನುವುದು ಬೇರೆ, ಎಷ್ಟು ಸರಿ ಇದೆ ಅನ್ನುವುದು ಬೇರೆ. ಇಷ್ಟು ತಿಳಿದರೆ ಅರ್ಧ ಜಗಳ ಮುಗಿಯುತ್ತದೆ.

ನನ್ನ ಕೇಳಿದರೆ, ಹೊಸಬರು ಮೊದಲು ಕೌಂಟರನ್ನೇ ಬದಿಗಿಡಬೇಕು. ಎರಡು ಚಾನೆಲ್‌ನ ಒಂದು ಹಳೇ ಆಸಿಲೋಸ್ಕೋಪ್, ಅಂದರೆ ಅಲೆಯನ್ನು ಪರದೆ ಮೇಲೆ ಬರೆದು ತೋರಿಸುವ ಯಂತ್ರ, ಸಾಕು. ರೆಫರೆನ್ಸ್ ಒಂದು ಚಾನೆಲ್‌ಗೆ, ಟ್ರಿಗರ್, ಅಂದರೆ ಪರದೆ ಮೇಲೆ ಚಿತ್ರ ಶುರುವಾಗುವ ಗಳಿಗೆ, ಅದರಿಂದಲೇ. ನಿಮ್ಮ ಆಸಿಲೇಟರ್ ಇನ್ನೊಂದು ಚಾನೆಲ್‌ಗೆ. ರೆಫರೆನ್ಸಿನ ಅಲೆ ಕದಲದೆ ನಿಲ್ಲುತ್ತದೆ. ಇನ್ನೊಂದು ಅಲೆ ಮೆಲ್ಲಗೆ ಎಡಕ್ಕೋ ಬಲಕ್ಕೋ ಜಾರುತ್ತದೆ. 10 ಮೆಗಾಹರ್ಟ್ಸ್ ಅಲೆಯ ಒಂದು ಸುತ್ತು 100 ನ್ಯಾನೊಸೆಕೆಂಡ್. ಅಷ್ಟು ಜಾರಲು 100 ಸೆಕೆಂಡ್ ಹಿಡಿದರೆ ವ್ಯತ್ಯಾಸ ನೂರು ಕೋಟಿಯಲ್ಲಿ ಒಂದು ಪಾಲು. ಕೈಯಲ್ಲೊಂದು ಸ್ಟಾಪ್‌ವಾಚ್ ಇದ್ದರೆ ಸಾಕು! ಆಸಿಲೇಟರಿನ ಟ್ಯೂನಿಂಗ್ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ ನೋಡಿ. ಜಾರಾಟ ನಿಧಾನ ಆಗುತ್ತದೆ, ನಿಂತ ಹಾಗಾಗುತ್ತದೆ, ಆಮೇಲೆ ಹಿಮ್ಮುಖ ಹೊರಡುತ್ತದೆ. ಮತ್ತೆ ಒಂದು ಚೂರು ಹಿಂದಕ್ಕೆ ತಿರುಗಿಸಬೇಕು. ಇದನ್ನು ನೋಡುತ್ತಾ ಕೂತರೆ ನನಗೆ ಊಟದ ನೆನಪೂ ಬರುವುದಿಲ್ಲ. ಯಾಕೆ ಇಷ್ಟ ಅಂದರೆ, ಇಲ್ಲಿ ಎರಡು ಅಲೆಗಳು ಕಣ್ಣೆದುರಿಗಿವೆ. ಯಾವುದು ಯಾವುದಕ್ಕೆ ಹೋಲಿಕೆ ಅನ್ನುವುದನ್ನು ಮರೆಯಲು ಆಗುವುದೇ ಇಲ್ಲ. ಒಂದೇ ಆಸಿಲೇಟರನ್ನು ಎರಡೂ ಕಡೆ ಕೊಟ್ಟರೆ ಅಲೆ ಎಳ್ಳಷ್ಟೂ ಕದಲದೆ ನಿಂತುಬಿಡುತ್ತದೆ, ಆಗಲೇ ಅನುಮಾನ ಬರುತ್ತದೆ. ನಿಜವಾದ ಎರಡು ಆಸಿಲೇಟರ್‌ಗಳು ಯಾವತ್ತೂ ಹಾಗೆ ನಿಲ್ಲುವುದಿಲ್ಲ.

ನಿಂತರೂ ನಂಬಬೇಡಿ. ಎರಡನ್ನೂ ಒಂದೇ ಪವರ್ ಸಪ್ಲೈಗೆ ಹಾಕಿ, ಸರಿಯಾಗಿ ಶೀಲ್ಡ್ ಮಾಡದೆ ಪಕ್ಕಪಕ್ಕ ಇಟ್ಟರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ಫ್ರೀಕ್ವೆನ್ಸಿ ತುಂಬಾ ಹತ್ತಿರ ಬಂದಾಗ ಒಂದು ಇನ್ನೊಂದನ್ನು ಎಳೆದು ತನ್ನ ಜೊತೆ ಸೇರಿಸಿಕೊಳ್ಳುತ್ತದೆ. ಪರದೆ ಮೇಲೆ ಮತ್ತೆ ಅವೇ ಸೊನ್ನೆಗಳು.

"ನನ್ನ ಹತ್ತಿರ ರುಬಿಡಿಯಂ ಪರಮಾಣು ಗಡಿಯಾರ ಇದೆ, ನನಗೆ ಆ ಚಿಂತೆ ಇಲ್ಲ" ಅನ್ನುವವರಿದ್ದಾರೆ. ಇದಕ್ಕೆ ಇನ್ನೂ ಜಾಸ್ತಿ ಬೇಜಾರು. ಮೊಬೈಲ್ ಟವರ್‌ಗಳಿಂದ ಬಿಚ್ಚಿ ಮಾರಿದ ರುಬಿಡಿಯಂ ಡಬ್ಬಿಗಳು ನಮ್ಮಂಥ ಹವ್ಯಾಸಿಗಳ ಕೈಗೆ ಸಿಕ್ಕಿದ್ದು ದೊಡ್ಡ ಭಾಗ್ಯ, ಅದನ್ನು ಒಪ್ಪುತ್ತೇನೆ. ಆದರೆ ಲಾಕ್ ದೀಪ ಹತ್ತಿತು ಅಂದರೆ ಫ್ರೀಕ್ವೆನ್ಸಿ ಸರಿಯಾಗಿದೆ ಅಂತಲ್ಲ. ಒಳಗಿನ ಕ್ವಾರ್ಟ್ಸ್ ಹರಳು 6.8347 ಗಿಗಾಹರ್ಟ್ಸ್‌ನ ರುಬಿಡಿಯಂ ಗೆರೆಯನ್ನು ಹಿಡಿದುಕೊಂಡಿದೆ ಅಂತಷ್ಟೇ ಅರ್ಥ. ಆ ಗಾಜಿನ ಗೂಡಿನಲ್ಲಿ ತುಂಬಿರುವ ಬೇರೆ ಅನಿಲದಿಂದ, ಸುತ್ತಲಿನ ಅಯಸ್ಕಾಂತ ಕ್ಷೇತ್ರದಿಂದ ಗೆರೆಯೇ ಸ್ವಲ್ಪ ಸರಿದಿರುತ್ತದೆ. ವರ್ಷ ಕಳೆದಂತೆ ಒಳಗಿನ ರುಬಿಡಿಯಂ ದೀಪ ಮುದಿಯಾಗುತ್ತದೆ. ಅದಕ್ಕೇ ರುಬಿಡಿಯಂಗೂ ಕ್ಯಾಲಿಬ್ರೇಶನ್ ಬೇಕು. ಸೆಕೆಂಡಿನ ವ್ಯಾಖ್ಯೆ ನಿಂತಿರುವುದು ಸೀಸಿಯಂ-133ರ ಮೇಲೆ, 1967ರಿಂದ. 9,192,631,770 ಸುತ್ತು ಮುಗಿದರೆ ಒಂದು ಸೆಕೆಂಡ್. ನಿಮ್ಮ ಮೇಜಿನ ಮೇಲಿನ ಸೊನ್ನೆಗಳಿಗೆ ಬೆಲೆ ಬರಬೇಕಾದರೆ ಅಲ್ಲಿಂದ ಇಲ್ಲಿಯವರೆಗೆ ಹೋಲಿಕೆಗಳ ಒಂದು ಸರಪಳಿ ಇರಬೇಕು. ಮಾರುವವರು ಇದೇ ಸೊನ್ನೆಗಳ ಫೋಟೊ ತೋರಿಸಿ ಮಾರುತ್ತಾರೆ, ಹೊಸಬರು ನಂಬಿ ದುಡ್ಡು ಸುರಿಯುತ್ತಾರೆ. ಇದನ್ನು ನೋಡಿಕೊಂಡು ಸುಮ್ನೆ ಇರೋದು ಹೇಗೆ?

ಸರಪಳಿ ಕಟ್ಟುವುದು ಈಗ ಕಷ್ಟವಲ್ಲ. ಜಿಪಿಎಸ್ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಒಂದು ಒಳ್ಳೇ ಟೈಮಿಂಗ್ ರಿಸೀವರ್ ಕೊಡುವ ಸೆಕೆಂಡಿನ ಪಲ್ಸ್ ಸುಮಾರು 10 ನ್ಯಾನೊಸೆಕೆಂಡ್ ಆಚೀಚೆ ಅಲುಗುತ್ತದೆ ಅಂತಿಟ್ಟುಕೊಳ್ಳಿ. ಒಂದು ಸೆಕೆಂಡಿನ ಲೆಕ್ಕದಲ್ಲಿ ಅದು ಹತ್ತು ಕೋಟಿಯಲ್ಲಿ ಒಂದು ಪಾಲು, ಏನೂ ದೊಡ್ಡದಲ್ಲ. ಅದನ್ನೇ 10,000 ಸೆಕೆಂಡ್ ಹಿಡಿದು ನೋಡಿದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು! ಉಷ್ಣತೆ ಒಂದೇ ಸಮ ಇರಲಿ ಅಂತ ಪುಟ್ಟ ಓವನ್‌ನಲ್ಲಿಟ್ಟ ಕ್ವಾರ್ಟ್ಸ್ ಇದಕ್ಕೆ ಉಲ್ಟಾ. ಕ್ಷಣಕ್ಷಣಕ್ಕೆ ಬಲು ಸ್ಥಿರ, ದಿನ ಕಳೆದಂತೆ ಮೆಲ್ಲಗೆ ದಾರಿ ಬಿಡುತ್ತದೆ. ಎರಡನ್ನೂ ಕೂಡಿಸಿ, ಜಿಪಿಎಸ್ ಕೈಯಲ್ಲಿ ಕ್ವಾರ್ಟ್ಸನ್ನು ತಿದ್ದಿಸಿದರೆ ಅದೇ ಜಿಪಿಎಸ್‌ಡಿಒ. ಮನುಷ್ಯರು ಮಾಡಿರುವ ಬುದ್ಧಿವಂತಿಕೆಯ ಕೆಲಸಗಳಲ್ಲಿ ಇದೊಂದು ಅಂತ ನಾನು ಮನಸಾರೆ ನಂಬುತ್ತೇನೆ. "ಎಷ್ಟು ನಿಖರ" ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ, "ಎಷ್ಟು ಹೊತ್ತಿಗೆ" ಅಂತಲೂ ಕೇಳಬೇಕು ಅನ್ನುವುದನ್ನು ಅಮೆರಿಕದ ಭೌತವಿಜ್ಞಾನಿ ಡೇವಿಡ್ ಆಲನ್ 1966ರಲ್ಲೇ ಲೆಕ್ಕಕ್ಕೆ ಇಳಿಸಿ ಕೊಟ್ಟರು. ಎಷ್ಟು ಹೊತ್ತಿಗೆ ಎಷ್ಟು ಅಲುಗಾಟ ಅಂತ ತೋರಿಸುವ ಆಲನ್ ಡೀವಿಯೇಶನ್ ಗ್ರಾಫ್ ಒಂದನ್ನು ಹಾಕಿದರೆ ಆಸಿಲೇಟರಿನ ಗುಣ ಅವಗುಣ ಎಲ್ಲ ಎದುರಿಗೆ ಬರುತ್ತದೆ. ಸೊನ್ನೆಗಳ ಫೋಟೊದಲ್ಲಿ ಅದು ಯಾವುದೂ ಇರುವುದಿಲ್ಲ.

ರೆಫರೆನ್ಸನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 2016ರ ಜನವರಿ 26ರಂದು ಕೆಲವು ಜಿಪಿಎಸ್ ಉಪಗ್ರಹಗಳು ಯುಟಿಸಿ, ಅಂದರೆ ಜಗತ್ತಿನ ಪ್ರಮಾಣ ಸಮಯದ ಮಾಹಿತಿಯನ್ನು ಸುಮಾರು 13 ಮೈಕ್ರೊಸೆಕೆಂಡ್ ತಪ್ಪಾಗಿ ಕಳಿಸಿದವು. ಹೋಲಿಸಿ ನೋಡಲು ಬೇರೆ ಗಡಿಯಾರ ಇದ್ದವರಿಗೆ ತಪ್ಪು ಯಾರದು ಅಂತ ಹೇಳಲು ಸಾಧ್ಯವಾಯಿತು.

ಈಗ ಕೆಲವರು ಹೇಳುತ್ತಾರೆ, ಗೊತ್ತು. "ಹವ್ಯಾಸ ತಾನೇ, ಖುಷಿ ಪಡಲಿ ಬಿಡಿ. ಅವರ ರೇಡಿಯೊಗೆ ಅಷ್ಟು ಸಾಕು." 144 ಮೆಗಾಹರ್ಟ್ಸ್‌ನಲ್ಲಿ ಮಾತಾಡುವ ಹವ್ಯಾಸಿ ರೇಡಿಯೊ ಹ್ಯಾಮ್‌ಗೆ ಒಂದು ಕೋಟಿಯಲ್ಲಿ ಒಂದು ಪಾಲು ತಪ್ಪಿದರೆ 14 ಹರ್ಟ್ಸ್, ಖಂಡಿತ ಸಾಕು. ಅದೇ ತಪ್ಪು 10 ಗಿಗಾಹರ್ಟ್ಸ್‌ಗೆ ಹೋದರೆ 1,000 ಹರ್ಟ್ಸ್, ಕ್ಷೀಣ ಸಿಗ್ನಲ್ ಹುಡುಕುವವರು ಬೇರೆಲ್ಲೋ ಹುಡುಕುತ್ತಾ ಕೂರಬೇಕು. ಅದಿರಲಿ. "ನನಗೆ ಸಾಕು" ಅಂದರೆ ನನ್ನ ತಕರಾರಿಲ್ಲ. "ಪರ್ಫೆಕ್ಟ್" ಅಂದಾಗ ತಕರಾರು. ಇನ್ನು ಹವ್ಯಾಸದ ಮಾತು. ನಮಗೆ ಯಾರೂ ಸಂಬಳ ಕೊಡುತ್ತಿಲ್ಲ, ಯಾವ ಮೇಲಧಿಕಾರಿಗೂ ರಿಪೋರ್ಟ್ ಕೊಡಬೇಕಿಲ್ಲ. ಅಳೆಯುವುದಕ್ಕೆ ನಮಗಿರೋದು ಒಂದೇ ಕಾರಣ, ತಿಳಿದುಕೊಳ್ಳಬೇಕು ಅನ್ನೋ ಆಸೆ. ಅದನ್ನೇ ಬಿಟ್ಟರೆ ಇನ್ನೇನು ಉಳಿಯಿತು?

ಹವ್ಯಾಸಿಯಿಂದ ಏನಾಗುತ್ತದೆ ಅನ್ನುವವರಿಗೆ ನಾನು ಟಾಮ್ ವ್ಯಾನ್ ಬಾಕ್ ಅವರ ಹೆಸರು ಹೇಳುತ್ತೇನೆ. ಅಮೆರಿಕದ ಹವ್ಯಾಸಿ. 2005ರಲ್ಲಿ ಮೂರು ಸೀಸಿಯಂ ಗಡಿಯಾರಗಳನ್ನು ಕಾರಿಗೆ ಹಾಕಿ, ಮಕ್ಕಳನ್ನೂ ಕೂರಿಸಿಕೊಂಡು ಮೌಂಟ್ ರೈನಿಯರ್ ಬೆಟ್ಟ ಹತ್ತಿದರು. ಎತ್ತರದಲ್ಲಿ ಎರಡು ದಿನದ ಹತ್ತಿರ ಇದ್ದು ಬಂದು ಮನೆಯಲ್ಲಿದ್ದ ಗಡಿಯಾರಗಳ ಜೊತೆ ಹೋಲಿಸಿದರೆ, ಬೆಟ್ಟಕ್ಕೆ ಹೋದವು ಸುಮಾರು 22 ನ್ಯಾನೊಸೆಕೆಂಡ್ ಮುಂದೆ! ಐನ್‌ಸ್ಟೈನ್ ಹೇಳಿದಷ್ಟೇ: ಎತ್ತರಕ್ಕೆ ಹೋದಷ್ಟೂ ಗಡಿಯಾರ ಬೇಗ ಓಡುತ್ತದೆ. ಒಂದಲ್ಲ, ಮೂರು ಗಡಿಯಾರ ಒಯ್ದಿದ್ದರು ನೋಡಿ. ಒಂದು ತಪ್ಪಿದರೆ ಉಳಿದ ಎರಡು ಹೇಳುತ್ತವೆ. ಮನೆಯಲ್ಲಿ ಹೋಲಿಕೆಗೆ ಬೇರೆ ಇಟ್ಟಿದ್ದರು. ಆ 22 ನ್ಯಾನೊಸೆಕೆಂಡನ್ನು ನಾವು ನಂಬುವುದು ಆ ಏರ್ಪಾಡಿನಿಂದ.

ಒಂದು ಮಾತು ಹೇಳಿಬಿಡುತ್ತೇನೆ. ಈ ಹುಚ್ಚಿನಲ್ಲಿ ಜೊತೆ ಸಿಗುವುದು ಬಹಳ ಕಷ್ಟ. ಓವನ್ ಆಸಿಲೇಟರ್ ಯಾಕೆ ರಾತ್ರಿಯೆಲ್ಲ ಉರಿಯಬೇಕು ಅಂತ ಮನೆಯವರು ಕೇಳುತ್ತಾರೆ. ಆರಿಸಿ ಮತ್ತೆ ಹಚ್ಚಿದರೆ ಹರಳು ಮೊದಲಿನ ಫ್ರೀಕ್ವೆನ್ಸಿಗೇ ವಾಪಸ್ ಬರುವುದಿಲ್ಲ, ನೆಲೆಗೊಳ್ಳಲು ದಿನಗಟ್ಟಲೆ ಬೇಕು ಅಂತ ಹೇಳಿದರೆ ಪಾಪ, ತಲೆಯಾಡಿಸಿ ಹೋಗುತ್ತಾರೆ. ಹಾಗಿರುವಾಗ ನಮ್ಮವರೇ ಒಬ್ಬರು ಕೌಂಟರಿನ ಫೋಟೊ ಕಳಿಸಿದರೆ ನನಗೆ ಹಬ್ಬ. ಅದಕ್ಕೇ ಆ ಟೀ ಕನೆಕ್ಟರ್ ಕಂಡಾಗ ಅಷ್ಟೊಂದು ಸಂಕಟ ಆಯಿತು. ಇವರಿಗೆ ಆಸಕ್ತಿ ಇದೆ, ತಾಳ್ಮೆ ಇದೆ, ಒಳ್ಳೇ ಉಪಕರಣವೂ ಇದೆ. ಅವರ ಆಸಿಲೇಟರ್ ನಿಜಕ್ಕೂ ಚೆನ್ನಾಗಿರಬಹುದು. ಆದರೆ ಅದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಅಲ್ವಾ?

ಸಾರ್, ಇದನ್ನು ಓದುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ಆ ಟೀ ಬಿಚ್ಚಿ. ಕೌಂಟರಿನ ಹಿಂದಕ್ಕೆ ಜಿಪಿಎಸ್‌ಡಿಒ ಕೊಡಿ. ಆಸಿಲೇಟರ್ ಪೂರ್ತಿ ಬಿಸಿಯಾಗಿ ನಿಲ್ಲುವವರೆಗೆ ಮುಟ್ಟಬೇಡಿ. ಆಮೇಲೆ ಸೆಕೆಂಡಿಗೊಂದರಂತೆ ಒಂದು ಇಡೀ ದಿನದ ಅಂಕಿಗಳನ್ನು ಫೈಲಿಗೆ ಇಳಿಸಿ ಕಳಿಸಿ, ಕೋಣೆಯ ಉಷ್ಣತೆಯನ್ನೂ ಜೊತೆಗೆ ಬರೆದಿಡಿ. ಆಲನ್ ಡೀವಿಯೇಶನ್ ಗ್ರಾಫ್ ನಾನೇ ಹಾಕಿ ಕೊಡುತ್ತೇನೆ.