ಇಂಟರಪ್ಟ್ ಮುಚ್ಚಿ ಮಲಗಿಸಿದರೆ ಚಿಪ್ ಏಳುವುದಿಲ್ಲವೇ? ಒಂದು ಸ್ಪಷ್ಟನೆ

"ಡಬ್ಲ್ಯೂಎಫ್‌ಐ ಕೊಡುವ ಮೊದಲು ಇಂಟರಪ್ಟ್ ಆಫ್ ಮಾಡಬೇಡಿ, ಚಿಪ್ ಮತ್ತೆ ಏಳುವುದೇ ಇಲ್ಲ" ಎಂಬ ಸಲಹೆ ಎಂಬೆಡೆಡ್ ಪ್ರೋಗ್ರಾಮಿಂಗ್ ಕಲಿಯುವವರ ನಡುವೆ ಓಡಾಡುತ್ತಿದೆ. (ಇಂಟರಪ್ಟ್ ಅಂದರೆ ಬಟನ್, ಟೈಮರ್ ಮುಂತಾದವು ಚಿಪ್‌ನ ಗಮನ ಸೆಳೆಯಲು ಕೊಡುವ ಸಂಕೇತ; ಡಬ್ಲ್ಯೂಎಫ್‌ಐ ಅಂದರೆ ಅಂಥ ಸಂಕೇತ ಬರುವವರೆಗೆ ಚಿಪ್ಪನ್ನು ಮಲಗಿಸುವ ಆದೇಶ.) ಆರ್ಮ್ ಕಾರ್ಟೆಕ್ಸ್-ಎಂ ಚಿಪ್‌ಗಳ ಮಟ್ಟಿಗೆ ಇದು ತಪ್ಪು.

ಇಂಟರಪ್ಟ್‌ಗಳನ್ನು ಮುಚ್ಚುವ ಪ್ರೈಮಾಸ್ಕ್ ರಿಜಿಸ್ಟರ್ 1 ಇದ್ದರೂ (ಅಂದರೆ ಮುಚ್ಚಿದ್ದರೂ), ಎನ್‌ವಿಐಸಿಯಲ್ಲಿ (ಚಿಪ್‌ನ ಇಂಟರಪ್ಟ್ ನಿಭಾಯಿಸುವ ಭಾಗದಲ್ಲಿ) ಎನೇಬಲ್ ಆಗಿರುವ ಇಂಟರಪ್ಟ್ ಬಂದರೆ ಕೋರ್ ಏಳುತ್ತದೆ. ಆ ಇಂಟರಪ್ಟ್‌ಗೆ ಉತ್ತರಿಸುವ ಕೋಡ್, ಅಂದರೆ ಹ್ಯಾಂಡ್ಲರ್, ಮಾತ್ರ ಮಾಸ್ಕ್ ತೆಗೆದ ಮೇಲೆ ಓಡುತ್ತದೆ, ಅಷ್ಟೇ.

ಆ ಸಲಹೆ ಪಾಲಿಸಿದರೇ ತೊಂದರೆ ಜಾಸ್ತಿ. ಬಟನ್ ಒತ್ತಿದಾಗ ಹ್ಯಾಂಡ್ಲರ್ ಒಂದು ಫ್ಲ್ಯಾಗನ್ನು 1 ಮಾಡುತ್ತದೆ ಅಂದುಕೊಳ್ಳಿ. ಮೇನ್ ಲೂಪ್ ಫ್ಲ್ಯಾಗ್ ನೋಡಿತು, 0 ಇದೆ. ಮುಂದಿನ ಸಾಲಿನಲ್ಲೇ ಡಬ್ಲ್ಯೂಎಫ್‌ಐ. ಸರಿಯಾಗಿ ಈ ಎರಡರ ನಡುವೆ ಬಟನ್ ಒತ್ತಿದರೆ? ಹ್ಯಾಂಡ್ಲರ್ ಓಡಿ, ಫ್ಲ್ಯಾಗ್ 1 ಮಾಡಿ ಮುಗಿಸುತ್ತದೆ. ಆಮೇಲೆ ಚಿಪ್ ಮಲಗುತ್ತದೆ! ಇನ್ನೊಂದು ಇಂಟರಪ್ಟ್ ಬರುವವರೆಗೆ ಆ ಫ್ಲ್ಯಾಗನ್ನು ಯಾರೂ ನೋಡುವುದಿಲ್ಲ. ಇಂಥ ಬಗ್ ಸಾವಿರ ಸಲ ಒತ್ತಿದರೂ ಒಮ್ಮೆಯೂ ಕಾಣದಿರಬಹುದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸರಿಯಾದ ಕ್ರಮ ಹೀಗೆ: ಮೊದಲು 'ಸಿಪಿಎಸ್‌ಐಡಿ ಐ' (ಪ್ರೈಮಾಸ್ಕ್ 1 ಮಾಡುವ ಆದೇಶ), ಆಮೇಲೆ ಫ್ಲ್ಯಾಗ್ ನೋಡಿ, 0 ಇದ್ದರೆ ಡಿಎಸ್‌ಬಿ (ಬಾಕಿ ಇರುವ ಮೆಮೊರಿ ಕೆಲಸ ಮುಗಿಯುವವರೆಗೆ ಕಾಯುವ ಆದೇಶ), ಡಬ್ಲ್ಯೂಎಫ್‌ಐ. ಎದ್ದ ಮೇಲೆ 'ಸಿಪಿಎಸ್‌ಐಇ ಐ' (ಪ್ರೈಮಾಸ್ಕ್ ಮತ್ತೆ 0 ಮಾಡುವ ಆದೇಶ). ನಡುವೆ ಇಂಟರಪ್ಟ್ ಬಂದರೆ ಅದು ಪೆಂಡಿಂಗ್ ಇರುತ್ತದೆ, ಡಬ್ಲ್ಯೂಎಫ್‌ಐ ನಿಲ್ಲದೆ ಮುಂದೆ ಹೋಗುತ್ತದೆ.

ಒಂದು ಎಚ್ಚರಿಕೆ: ಪ್ರೈಮಾಸ್ಕ್ ಬದಲು ಬೇಸ್‌ಪ್ರೈ (ಒಂದು ನಿಗದಿತ ಆದ್ಯತೆಯ ಮತ್ತು ಅದಕ್ಕಿಂತ ಕೆಳಗಿನ ಇಂಟರಪ್ಟ್‌ಗಳನ್ನು ಮಾತ್ರ ಮುಚ್ಚುವ ರಿಜಿಸ್ಟರ್) ಬಳಸಿ ಮುಚ್ಚಿದ ಇಂಟರಪ್ಟ್ ಚಿಪ್ಪನ್ನು ಎಬ್ಬಿಸುವುದಿಲ್ಲ.

ಹಾಗಾದರೆ ಆ ಸಲಹೆ ಸುಮ್ನೆ ಹುಟ್ಟಿದ್ದಾ? ಅಲ್ಲ. ಆರ್ಡುಯಿನೋ ಊನೋ ಆರ್3 ಬೋರ್ಡ್‌ನಲ್ಲಿರುವ ಎವಿಆರ್ ಚಿಪ್‌ಗೆ ಅದು ನಿಜ. ಅಲ್ಲಿ 'ಎಸ್‌ಇಐ' (ಇಂಟರಪ್ಟ್ ತೆರೆಯುವ ಆದೇಶ) ಆದ ತಕ್ಷಣದ ಸಾಲಿನಲ್ಲೇ 'ಸ್ಲೀಪ್' (ಮಲಗಿಸುವ ಆದೇಶ) ಬರೆಯಿರಿ. ಎಸ್‌ಇಐ ನಂತರದ ಒಂದು ಇನ್‌ಸ್ಟ್ರಕ್ಷನ್ ಮುಗಿಯುವವರೆಗೆ ಎವಿಆರ್ ಯಾವ ಇಂಟರಪ್ಟನ್ನೂ ಒಳಗೆ ಬಿಡುವುದಿಲ್ಲ.